ಒಂದು ರೊಟ್ಟಿಗೆ ನಲವತ್ತು ನಿಮಿಷ

ಮಿರಜಿನ ದವಾಖಾನಿ ನನ್ನ ಎರಡನೇ ತವರುಮನಿ.
ವರ್ಷಕ್ಕೊಮ್ಮೆ ಹೋಗ್ತೀನಿ, ಪಂಚಮಿ ಮುಗದ ಮ್ಯಾಲ.
ಸೀರಿ ಉಡಸೂದಿಲ್ಲ, ಉಡಿ ತುಂಬೂದಿಲ್ಲ,
ಗಂಟಲಿಗೊಂದು ನಳಿಗಿ ಇಳಿಸಿ
ಬಿಗಿದದ್ದನ್ನ ಸಡಲ ಮಾಡಿ ಕಳಸ್ತಾರ.

ಹುಟ್ಟಿದಾಗ ನನ್ನ ಅನ್ನದ ದಾರಿ
ಅರ್ಧಕ್ಕ ನಿಂತಿತ್ತು.
ಮ್ಯಾಲಿನ ತುದಿ ಮ್ಯಾಲ, ಕೆಳಗಿನದು ಕೆಳಗ,
ನಡುವ ಏನೂ ಇಲ್ಲ.
ಉಮದಿಯ ಸೂಲಗಿತ್ತಿ ಬಾಯಾಗಿನ ನೊರಿ ಒರಸಿ
‘ಉಳಿಯೂದಲ್ಲ ಇದು, ಹೆಸರಿಡಬ್ಯಾಡ್ರಿ’ ಅಂದಳಂತ.
ಅವ್ವ ಹೆಸರಿಟ್ಟಳು, ಮಹಾನಂದಾ,
ಎಸ್.ಟಿ. ಬಸ್ಸಿನ್ಯಾಗ, ಕವಠೆಮಹಾಂಕಾಳ ದಾಟೂವಾಗ,
ಟಿಕೀಟು ಹರಿಯೂ ಕಂಡಕ್ಟರನ ಸಾಕ್ಷಿಗೆ.

ಹದಿನಾಲ್ಕು ತಿಂಗಳು ಹೊಟ್ಟಿಗೊಂದು ತೂತು, ಕುತ್ತಿಗಿಗೊಂದು.
ಹೊಟ್ಟೀ ತೂತಿಗೆ ಹಾಲು, ರಬ್ಬರ ನಳಿಗಿಯಿಂದ.
ಬಾಯಿಗೆ ಒಂದು ಬೊಟ್ಟು ಬೆಲ್ಲ,
ನುಂಗೂದು ಮರಿಬಾರದಂತ ಡಾಕ್ಟರು ಹೇಳಿದ್ರು.
ನುಂಗಿದ್ದು ಕುತ್ತಿಗಿಯಿಂದ ಇಳಿದು
ಅವ್ವನ ಸೆರಗಿಗೆ ಅಂಟ್ತಿತ್ತು.
ಸೆರಗಿಗೆ ಇರುವಿ ಮುತ್ತತಿದ್ವು ಅಂತ ನಗ್ತಾಳ ಈಗ.
ಆಗ ನಕ್ಕಿರಲಿಕ್ಕಿಲ್ಲ.

ಆಮ್ಯಾಲ ಮೋಹೋಳಕರ ಡಾಕ್ಟರು
ದೊಡ್ಡ ಕರುಳಿನ ಒಂದು ತುಂಡ
ರಕ್ತದ ನಾಳ ಹರೀದಂಗ ಬಿಡಿಸಿ
ಎದಿಯೊಳಗಿಂದ ಮ್ಯಾಲೆಳದು
ಗಂಟಲಿಗೆ ಹೊಲದ್ರು. ಒಂಬತ್ತು ತಾಸು.
ಮಂದಿಗೆ ಕರುಳು ಚುರ್ ಅಂದ್ರ ಹೊಟ್ಟ್ಯಾಗ ಅಂತದ.
ನನಗ ಎದಿಯಾಗ.
ಮಾತಿನ ಚಂದಕ್ಕ ಹೇಳಿದ್ದಲ್ಲ, ಎಕ್ಸ್‌ರೇ ಫೋಟೋ ಅದ.

ಕರುಳು ತನ್ನ ಹಳೇ ಕೆಲಸ ಮರತಿಲ್ಲ.
ಮೂರನೇ ಇಯತ್ತೆ ಹುಡುಗರಿಗೆ ಮಗ್ಗಿ ಹೇಳಸೂವಾಗ
ಎದಿಗೂಡಿನ್ಯಾಗ ಗುಡುಗುಡು ಅಂತದ.
‘ಬಾಯಾರ, ಮಳಿ ಬಂತು’ ಅಂತಾವ.
ಬರ್ಲಿ, ನಮ್ಮ ಜತ್ತ ತಾಲೂಕಿಗೆ ಅಷ್ಟರೆ ಬರ್ಲಿ ಅಂತೀನಿ.

ನಲವತ್ತೊಂದು ವರ್ಷ ಅಂಗಾತ ಮಲಗಿಲ್ಲ.
ಮೂರು ದಿಂಬು, ಗ್ವಾಡಿಗೆ ಬೆನ್ನು.
ಬಗ್ಗಿ ರಂಗೋಲಿ ಹಾಕಿದ್ರ ಉಂಡದ್ದು ಬಾಯಿಗೆ.
ನೋಡಾಕ ಬಂದ ಇಬ್ಬರು ವರಗಳು
ನನ್ನ ಊಟದ ಹೊತ್ತು ಎಣಿಸಿ ಎದ್ದುಹೋದ್ರು.
ಮೂರನೆಯವ ಎಣಿಸಲಿಲ್ಲ.
ಗಡಿಯಾರ ನಿಂತಿತ್ತಂತ ಚಾಷ್ಟಿ ಮಾಡ್ತಾನ ಇನ್ನೂ.

ಈ ಸಲ ಮೋಹೋಳಕರ ಇಲ್ಲ, ಅವರ ಕುರ್ಚಿ ಅದ.
ಹೊಸ ಡಾಕ್ಟರಬಾಯಿ ನನ್ನ ಹಳದಿ ಕಾಗದ ತಿರುವಿ
‘ಇಷ್ಟು ವರ್ಷದ ಮ್ಯಾಲ ಬರವರು ನೀವೊಬ್ಬರೇ’ ಅಂದಳು.
ಉಳದವರು? ಕೇಳ್ಬೇಕಂದೆ.
ಆಕಿ ಕಾಗದ ಮಡಚಿದಳು.

ಮ್ಯಾಲಿನ ವಾರ್ಡಿನ್ಯಾಗ ಸಂಖದ ಜನ್ನತಬಿ,
ಐದು ದಿನದ ಬಾಣಂತಿ, ಗಾಜಿನ ಪೆಟಗಿಗೆ ನೆಟ್ಟ ಕಣ್ಣು.
ಅವ್ವನ ಬೆಲ್ಲದ ಕಥಿ ಹೇಳಿದೆ. ಸೆರಗು ಸರಸಿ ಕಲಿ ತೋರಿಸಿದೆ.
ಆಕಿ ಕಲಿ ನೋಡಲಿಲ್ಲ.
‘ಮುಂದ ರೊಟ್ಟಿ ತಿಂತಾದೇನ್ರಿ ಇದು?’

ಹೌದಂದ್ರ ನಂಬೂವಾಕಿ ಅಲ್ಲ.
ಬುತ್ತಿ ಬಿಚ್ಚಿದೆ.
ಮುಂಜಾನೆ ಬಡದ ಜ್ವಾಳದ ರೊಟ್ಟಿ, ಆಗಲೇ ಬಿರುಸಾದದ್ದು.
ಮೊಸರು. ಶೇಂಗಾ ಹಿಂಡಿ.
ಉಗುರಿನಷ್ಟು ಚೂರು, ಇಪ್ಪತ್ತು ಸಲ ಅಗದು, ಗುಟಕ ನೀರು,
ಕುತ್ತಿಗಿ ಸ್ವಲ್ಪ ಎಡಕ್ಕ. ಕಾಯೂದು.
ಇಳೀತು. ಮತ್ತೊಂದು.
ನಡುವ ಒಮ್ಮೆ ಸಿಕ್ಕತು. ಕಣ್ಣಾಗ ನೀರು ಬಂತು.
ಎದ್ದು ನಿಂತು ಹಿಮ್ಮಡ ಮ್ಯಾಲ ಎರಡು ಸಲ ಜಿಗದೆ.
ಅದನ್ನೂ ಮುಚ್ಚಿಡಲಿಲ್ಲ.

ನರ್ಸು ಬಂದು ಹೋದಳು. ಚಾದ ಗಾಡಿ ಬಂದು ಹೋತು.
ಜನ್ನತಬಿ ನನ್ನ ಬಾಯಿ ಬಿಟ್ಟು ಗಂಟಲು ನೋಡಿದಳು,
ಗಂಟಲು ಬಿಟ್ಟು ಡಬ್ಬಿ.
ಕಡೀ ತುಣುಕಿಗೆ ಹಿಂಡಿ ಒರಸಿ ತಿಂದಾಗ
ನಲವತ್ತಾರು ನಿಮಿಷ. ಇವತ್ತ ಆರು ಜಾಸ್ತಿ.

ಆಕಿ ಏನೂ ಅನಲಿಲ್ಲ.
ಎಷ್ಟೋ ಹೊತ್ತಿನ ಮ್ಯಾಲ, ಪೆಟಗಿ ಕಡೆ ತಿರುಗಿ,
‘ಬೆಲ್ಲ ಯಾವ ದಿನದಿಂದ ಹಚ್ಚೂದ್ರಿ?’ ಅಂದಳು.