ನಡುಪಟ್ಟಿಯ ಸೊನ್ನೆ

ಜೈಲೂ ಅಂದರೆ ಅಲ್ಲಿ ಸೆರೆಮನೆಯಲ್ಲ,
ಬೇಸಿಗೆಯ ಹುಲ್ಲುಗಾವಲು.
ಕಿರ್ಗಿಜ್ ಬೆಟ್ಟಗಳ ಮೇಲೆ
ಎರಡು ತಾಸಿಗೊಮ್ಮೆ ಕುದುರೆಯ ಹಾಲು ಕರೆಯಬೇಕು,
ತಪ್ಪಿದರೆ ಕೆಚ್ಚಲು ಬಿಗಿಯುತ್ತದೆ,
ಕುದುರೆ ಮುನಿಯುತ್ತದೆ.

ಆ ಕೆಲಸ ಸೊಸೆಗೆ ಒಪ್ಪಿಸಿ
ಉಣ್ಣೆಮೂಟೆಯ ಲಾರಿಯಲ್ಲಿ ಇಳಿದು ಬಂದಿದ್ದಾಳೆ
ಜ್ಯೂರಾ ಎಜೆ, ಹತ್ತು ದಿನದ ಕಂಪ್ಯೂಟರ್ ತರಬೇತಿಗೆ.
(ಎಜೆ: ಟೀಚರಿಗೂ ಅಕ್ಕನಿಗೂ ಅಲ್ಲಿ ಒಂದೇ ಮಾತು.)
ಮೂವತ್ತೊಂದು ವರ್ಷ ಪಾಠ ಹೇಳಿದವಳ
ತೋಳಿನಲ್ಲಿ ಈಗ ಹುಳಿಹಾಲಿನ ವಾಸನೆ.

ಜುಲೈ ತಿಂಗಳ ಶಾಲೆ ಯಾರದೂ ಅಲ್ಲದ ಜಾಗ.
ಬೆಂಚಿನ ನೀಲಿ ಬಣ್ಣ ಇನ್ನೂ ಅಂಟುತ್ತದೆ.
ಗಂಟೆ ಹೊಡೆಯುವವನು ಹುಲ್ಲು ಕೊಯ್ಯಲು ಹೋಗಿದ್ದಾನೆ.
ಕಪ್ಪುಹಲಗೆ ಇದ್ದಲ್ಲಿ ಹೊಳೆಯುವ ಬಿಳಿ ಪರದೆ:
ಬೆರಳಿಂದ ಬರೆದರೆ ಗೆರೆ ಮೂಡುತ್ತದೆ,
ಬೆರಳಿಗೆ ಏನೂ ಹತ್ತುವುದಿಲ್ಲ.
ಎಜೆ ಆದರೂ ಕೈ ಕೊಡವುತ್ತಾಳೆ.

ಕಲಿಸಲು ಬಂದವನು ರಾಜಧಾನಿಯ ಹುಡುಗ,
ಅವನ ಮೀಸೆ ಇನ್ನೂ ಮನಸ್ಸು ಮಾಡಿಲ್ಲ.
ಮೊದಲ ದಿನ, ಭೌತಶಾಸ್ತ್ರದ ಮುದುಕ ತೆಮಿರ್ಕುಲ್
ಮೌಸನ್ನು ಗೂಡಿಂದ ಬಿದ್ದ ಮರಿಯ ಹಾಗೆ
ಅಂಗೈಯಲ್ಲಿ ಎತ್ತಿಕೊಂಡ.
ಎರಡನೆಯ ದಿನ ಕರೆಂಟು ಹೋಯಿತು, ಚಹಾ ಕುಡಿದರು.
ಮೂರನೆಯ ದಿನ: ನಿಮ್ಮ ತರಗತಿಯ ಮಕ್ಕಳ ಹೆಸರು ತುಂಬಿ.

ಇಪ್ಪತ್ತಾರು ಮಕ್ಕಳು. ಎಜೆಗೆ ಹಾಜರಿ ಪುಸ್ತಕ ಬೇಡ.
ಒಂದೇ ಬೆರಳಲ್ಲಿ, ಅಕ್ಕಿಯ ಕಲ್ಲು ಆರಿಸುವ ಹಾಗೆ.
ನಾಲ್ಕನೆಯ ಹೆಸರಿಗೆ ಬೆರಳು ನಿಂತಿತು.
ಕುಮುಶಾಯ್. ಬೆಳ್ಳಿಚಂದಿರ ಎಂದು ಅರ್ಥ.
ಕೀಲಿಮಣೆ ರಷ್ಯನ್ನರದು, ಅದರಲ್ಲಿ ಮೂರು ಅಕ್ಷರ ಇಲ್ಲ:
ಬಾಲ ಇಳಿಬಿಟ್ಟದ್ದೊಂದು,
ಕಾಲು ನೆಟ್ಟಗೆ ಊರಿದ್ದೊಂದು,
ಹೊಟ್ಟೆಗೆ ನಡುಪಟ್ಟಿ ಬಿಗಿದ ಸೊನ್ನೆಯೊಂದು.

“ಹತ್ತಿರದ್ದು ಒತ್ತಿ ಎಜೆ, ಎಲ್ಲರಿಗೂ ಅರ್ಥವಾಗುತ್ತೆ.”
“ಪಕ್ಕದ ಬಿಡಾರದ ಮರಿಯೂ ಹತ್ತಿರದ್ದೇ.
ಅದನ್ನು ತಂದು ನಿಲ್ಲಿಸಿದರೆ
ನನ್ನ ಕುದುರೆ ಸೊರೆ ಬಿಡುತ್ತದೆಯೇ?”

ಬರೆಯುತ್ತಿರುವ ನಾನೂ ಒಪ್ಪಿಕೊಂಡುಬಿಡುತ್ತೇನೆ:
ಆ ಹುಡುಗಿ ಕುಮುಶಾಯ್ ಅಲ್ಲ.
ತುಟಿ ಊ ಅನ್ನಬೇಕು, ನಾಲಿಗೆ ಈ ಅನ್ನಬೇಕು,
ಎರಡೂ ಒಂದೇ ಉಸಿರಲ್ಲಿ.
ಐವತ್ತಕ್ಕೆ ಒಂದು ಕಡಿಮೆ ಅಕ್ಷರವಿಟ್ಟುಕೊಂಡ ನನ್ನ ವರ್ಣಮಾಲೆ
ಅಲ್ಲಿ ಕೈಚೆಲ್ಲುತ್ತದೆ.
ಜ್ಯೂರಾ ಎಂದು ಬರೆದೆನಲ್ಲ, ಅದೂ ಹತ್ತಿರದ್ದೇ.

ಹುಡುಗ ಸೆಟ್ಟಿಂಗ್ಸ್ ತೆರೆದ. ಪಾಸ್‌ವರ್ಡ್ ಕೇಳಿತು.
ಪಾಸ್‌ವರ್ಡ್ ಗೊತ್ತಿದ್ದ ಅಧಿಕಾರಿ
ಸರೋವರದ ದಡದಲ್ಲಿ, ರಜೆಯಲ್ಲಿ.
ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

ಆಗ ಎಜೆ ಅವನ ಎದೆಯ ಬಿಲ್ಲೆ ನೋಡಿದಳು.
ನುರ್ದೋಲೋತ್. ಅಚ್ಚಿನಲ್ಲಿ ಮೂರು ಬರೀ ಸೊನ್ನೆ.
“ಮನೆಯಲ್ಲಿ ಏನಂತ ಕರೀತಾರೆ ನಿನ್ನ?”
ಹೇಳಿದ. ತುಟಿಯಲ್ಲಿ ಓ, ನಾಲಿಗೆಯಲ್ಲಿ ಏ.
“ಮತ್ತೆ ಇವನು ಯಾರು?”
“ಸಂಬಳದ ಚೀಟಿಯಲ್ಲೂ ಹೀಗೇ, ಎಜೆ. ರೂಢಿಯಾಗಿದೆ.”

ಅವಳು ಚೀಲ ತಡಕಿ ಕೆಂಪು ಪೆನ್ನು ತೆಗೆದಳು,
ಮೂವತ್ತೊಂದು ವರ್ಷ ತಿದ್ದಿದ್ದು ಅದರಲ್ಲೇ.
“ಬಗ್ಗು” ಎಂದಳು. ಬಗ್ಗಿದ.
ಸೊನ್ನೆಗೊಂದು ಅಡ್ಡಗೆರೆ, ಮೂರು ಸೊನ್ನೆಗೆ ಮೂರು.
ಪ್ಲಾಸ್ಟಿಕ್ಕಿಗೆ ಶಾಯಿ ಹಿಡಿಯಲಿಲ್ಲ,
ನಡುವಿನದು ಸಂಜೆಗೇ ಅಳಿಸಿತು.
ಮರುದಿನ ಬೆಳಿಗ್ಗೆ ಅದು ಅಲ್ಲೇ ಇತ್ತು,
ಬೇರೆ ಶಾಯಿಯಲ್ಲಿ, ಬೇರೆ ಕೈಯಲ್ಲಿ.

ಎಂಟನೆಯ ದಿನ ಅಧಿಕಾರಿ ಫೋನೆತ್ತಿದ.
ಬಲಗಡೆಯ ಗುಂಡಿ ಒತ್ತಿಹಿಡಿಯಬೇಕಂತೆ,
ಹಿಡಿದಷ್ಟು ಹೊತ್ತು ಅಕ್ಷರ ಬರುತ್ತದೆ, ಬಿಟ್ಟರೆ ಇಲ್ಲ.
“ಬಿಟ್ಟರೆ ಇಲ್ಲ” ಎಂದು ತೆಮಿರ್ಕುಲ್
ನೋಟ್‌ಬುಕ್ಕಿನಲ್ಲಿ ಬರೆದುಕೊಂಡ, ಅಡಿಗೆರೆ ಎಳೆದ.

ಇಪ್ಪತ್ತಾರೂ ತುಂಬಿತು.
ಉಳಿಸಲೇ, ಬೇಡವೇ ಎಂದು ಯಂತ್ರ ಕೇಳುತ್ತಿತ್ತು.
ಎಜೆ ಗಡಿಯಾರ ನೋಡುತ್ತಿದ್ದಳು.
ಮೇಲೆ ಸೊಸೆ ಮೂರನೆಯ ಸಲ ಹಾಲಿಗೆ ಕೂರುವ ಹೊತ್ತು;
ಆ ಕಂದು ಕುದುರೆ ಒದೆಯುತ್ತದೆ,
ಹೇಳಿ ಬರಬೇಕಿತ್ತು.