ಕರೆದ ಬಾಗಿಲು

ಮೆರೆಡಿನ್ ಊರಾಚೆ, ಗೋಧಿ ಕಣಜದ ತೂಕದ ಮನೆ.
ಡಿಸೆಂಬರ್. ನಲವತ್ತೊಂದು ಡಿಗ್ರಿ.
ಹದಿನಾಲ್ಕು ಲಾರಿ ಹೊರಗೆ ಸಾಲುಗಟ್ಟಿ ಗುರುಗುಡುತ್ತಿವೆ.
ತೂಕ ಸರಿ ಇದೆ, ತೇವ ಸರಿ ಇದೆ,
ರಸೀದಿ ಮಾತ್ರ ಹೊರಬೀಳದು.

ಮೇಜಿನಡಿ ತೂರಿದೆ. ಪೆಟ್ಟಿಗೆಗೆ ಮೂರು ಬಾಗಿಲು:
ತಕ್ಕಡಿಗೆ ಹೋಗುವ ನೀಲಿ ತಂತಿ,
ಪರ್ತ್‌ಗೆ ಹೋಗುವ ಫೈಬರ್,
ಕಿಟಕಿಗೆ ಟೇಪು ಹಚ್ಚಿ ನಿಲ್ಲಿಸಿದ ಸಿಮ್ ಮೋಡೆಮ್,
ಹೋದ ವಾರ ಯಾರೋ ‘ಇರಲಿ’ ಅಂತ ಸಿಕ್ಕಿಸಿದ್ದು.
ಬಾಗಿಲಿಗೊಂದು ವಿಳಾಸ. ಮೈ ಒಂದೇ.

ಪರ್ತ್ ಫೈಬರಿನಲ್ಲಿ ಬಂದು ಕೇಳುತ್ತದೆ: ಎಷ್ಟು ಟನ್ನು?
ಇದು ಹೇಳುತ್ತದೆ, ಸುಳ್ಳೇನಲ್ಲ,
ಆದರೆ ಕಿಟಕಿಯಿಂದ,
ಲಕೋಟೆಯ ಮೂಲೆಗೆ ಕಿಟಕಿಯ ವಿಳಾಸ ಬರೆದು.
ಅಲ್ಲಿಯ ಕಾವಲುಗಾರ ತಿರುಗಿಸಿ ನೋಡಿ
‘ನಿನ್ನನ್ನು ಯಾರು ಕೇಳಿದರು?’ ಎಂದು
ನೆಲಕ್ಕೆ ಬಿಸಾಡುತ್ತಾನೆ. ದೂರೂ ಬರುವುದಿಲ್ಲ.
ಮತ್ತೆ ಕೇಳುತ್ತದೆ ಪರ್ತ್. ಮತ್ತೆ ಹೇಳುತ್ತದೆ ಇದು.
ಬೆಳಗಿನಿಂದ ಹೀಗೇ,
ಗೋಡೆಗೆ ಗೋಡೆ ಕಥೆ ಹೇಳಿದ ಹಾಗೆ.

ಆ ವಿಳಾಸ ಯಾರು ಆರಿಸಿದ್ದು? ಯಾರೂ ಅಲ್ಲ.
ಯಾರೂ ಆರಿಸದಿದ್ದಾಗ
ಅಗ್ಗದ ದಾರಿ ತಾನೇ ಮುಂದೆ ಬರುತ್ತದೆ,
ತನ್ನ ಹೆಸರನ್ನು
ಹೊರಟವರ ಹಣೆಗೆ ಹಚ್ಚಿ ಕಳಿಸುತ್ತದೆ.

ನನ್ನ ತಲೆಯ ಮೇಲೆ ಡೋರೀನಳ ಮೇಜು.
ರೇಡಿಯೋ ಕರ್ರೆಂದರೆ ‘ತೂಕದ ಮನೆ, ಬನ್ನಿ’.
ಮೊಬೈಲು ನಡುಗಿದರೆ ‘ಅಜ್ಜಿ ಕಣೋ’.
ಗೋಡೆಯ ಹಳೇ ಫೋನು ಬಡಿದುಕೊಂಡಾಗ
ಒಂದು ಉಸಿರು ತಡೆದು,
‘ಹೌದು, ಮಿಸೆಸ್ ಟ್ರೆವೀನಾ.’
ಆ ಹೆಸರನ್ನು ಕೋರ್ಟಿನಲ್ಲಿ ಬಿಟ್ಟು ಬಂದು
ಹನ್ನೊಂದು ವರ್ಷ, ಊರಿಗೇ ಗೊತ್ತು.
ಮೇಜಿನಡಿಯಿಂದ ಕತ್ತು ಹೊರಗೆ ಹಾಕಿದೆ.
‘ಅವನ ಅಪ್ಪ,’ ಎಂದಳು, ಫೋನು ಇಟ್ಟು.
‘ಆ ಹೆಸರು ಹಿಡಿದೇ ಕೇಳ್ತಾರೆ.
ಬೇರೆ ಹೇಳಿದರೆ ರಾಂಗ್ ನಂಬರ್ ಅಂತ ಇಟ್ಟುಬಿಡ್ತಾರೆ.
ಹೇಳೋಕೆ ಇರೋದಾದರೂ ಏನು,
ಮಂಡಿ ನೋವು, ನಾಯಿ, ಮಳೆ ಇಲ್ಲ.’

ಒಂದು ಸಾಲು ಬರೆದೆ:
ಕರೆದ ಬಾಗಿಲಲ್ಲೇ ಓಗೊಡು.
ಯಂತ್ರದ ಭಾಷೆಯಲ್ಲಿ ಅದು ಇಷ್ಟು ಚೆಂದವಿಲ್ಲ,
ಅಂಕಿ ಜಾಸ್ತಿ, ಚುಕ್ಕಿ ಜಾಸ್ತಿ.

ರಸೀದಿ ನಾಲಗೆ ಚಾಚಿತು.
ಮೊದಲ ಲಾರಿ ಕೆಂಧೂಳೆಬ್ಬಿಸಿ ಹೊರಟಿತು.
ಕಿಟಕಿಯ ಮೋಡೆಮ್ ಕಿತ್ತುಬಿಡಲೇ, ಕೇಳಿದೆ.
‘ಇರಲಿ,’ ಎಂದಳು ಡೋರೀನ್,
ಗೋಡೆಯ ಫೋನಿನ ಸುರುಳಿ ತಂತಿಯ
ಸಿಕ್ಕು ಬಿಡಿಸುತ್ತ.