ಶೇಕಡಾ ಹನ್ನೊಂದು

"ಮುನ್ನೂರು ಮೈಲಿ ಓಡುತ್ತೆ" ಅಂದ ಮಾರುವವ.
ನಮ್ಮ ದ್ವೀಪದ ರಸ್ತೆ ಒಟ್ಟು ಹನ್ನೆರಡು ಮೈಲಿ,
ಆಮೇಲೆ ಕಡಲು.
ಎಲ್ಲಿಗೋ ಎರ್ಲೆಂಡ್, ಸೀಲುಗಳ ಮದುವೆಗಾ
ಎಂದು ನಕ್ಕವಳು ನಾನೇ.

ಆರ್ಕ್ನಿಯಲ್ಲಿ ಗಾಳಿಗೆ ಬರವಿಲ್ಲ.
ಒಣಹಾಕಿದ ಬಟ್ಟೆ ಪಕ್ಕದ ಹೊಲಕ್ಕೆ ದತ್ತು.
ಕೊಟ್ಟಿಗೆಯ ಹಿಂದೆ ಗಾಳಿಯಂತ್ರ
ಮನೆಗೆ ಬಡಿಸಿ ಉಳಿದದ್ದನ್ನು
ಕಾರಿನ ಹೊಟ್ಟೆಗೆ ಸುರಿಯುತ್ತಿತ್ತು, ಬಿಟ್ಟಿ ಮೇವು.

ಏಪ್ರಿಲ್ಲಿನಲ್ಲಿ ಆ ಗಾಳಿಯೇ ಅತಿಯಾಯಿತು.
ಅತಿಯಾದರೆ ಯಂತ್ರ ತಾನೇ ಬ್ರೇಕು ಹಾಕಿ ಕೂರುತ್ತದೆ,
ಉಣ್ಣಲೊಲ್ಲದ ಕೂಸು.
ಕಂಬಗಳೂ ಬಿದ್ದವು.
ಆಗಷ್ಟೇ ಹುಟ್ಟಿದ ಒಂಬತ್ತು ಕುರಿಮರಿ,
ಇನ್ನೂ ಒದ್ದೆ,
ಮೇಲೆ ಆರಿಹೋದ ಕೆಂಪು ದೀಪ.

ಎರ್ಲೆಂಡ್ ಮಾತಾಡದೆ ತಂತಿ ಬದಲಿಸಿದ.
ಇಷ್ಟು ದಿನ ಕುಡಿದ ಕಾರು
ಆ ರಾತ್ರಿ ಮನೆಗೆ ಹಾಲೂಡಿತು.

ನಾನು ಕದದ ಮೇಲೆ ಸೀಮೆಸುಣ್ಣದಲ್ಲಿ ಬರೆದೆ:
ಮರಿಗಳಿಗೆ ಇಷ್ಟು. ಫ್ರಿಜ್ಜಿಗೆ ಇಷ್ಟು.
ಟೀ ಕೆಟಲು ರಾಕ್ಷಸಿ, ಬೇಡ.
ದೋಣಿಕಟ್ಟೆಗೆ ಒಂಬತ್ತು ಮೈಲಿ, ಅದನ್ನು ಮುಟ್ಟಬಾರದು:
ಪಕ್ಕದ ವಿಲ್ಮಾಗೆ ದಿನ ತುಂಬಿದೆ.
ಕರೆಂಟು ಯಾವಾಗ ಬರುತ್ತದೆ?
ಆ ಜಾಗ ಖಾಲಿ ಬಿಟ್ಟೆ.

ಎರಡು ರಾತ್ರಿ ಗಂಟೆಗೊಮ್ಮೆ ಎದ್ದು
ಕಾರಿನ ಗಾಜಿನಲ್ಲಿ ಇಣುಕಿದೆ,
ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ.
ಎಪ್ಪತ್ತೆಂಟು. ಐವತ್ತು. ಇಪ್ಪತ್ತಾರು.

ಮೂರನೆಯ ಬೆಳಗು ಶೇಕಡಾ ಹನ್ನೊಂದು.
ಎದೆ ಧಸಕ್ಕೆಂದಿತು.
ಎರ್ಲೆಂಡ್ ಸೀಮೆಸುಣ್ಣ ಕಸಿದುಕೊಂಡ:
ಹನ್ನೊಂದೆಂದರೆ ಮೂವತ್ತಮೂರು ಮೈಲಿ.
ರಸ್ತೆ ಇರೋದೇ ಹನ್ನೆರಡು, ಅಕ್ಕಾ.

ಅಷ್ಟರಲ್ಲಿ ವಿಲ್ಮಾ ಹೊಟ್ಟೆ ಹಿಡಿದು ಬಾಗಿಲಲ್ಲಿ.
ನಾನು ಕೀಲಿಗೆ ಕೈಹಾಕಿದೆ.
"ನೋವಲ್ಲ ಮಾರಾಯ್ತಿ,
ಎರಡು ದಿನವಾಯ್ತು ಬಿಸಿ ಟೀ ಕುಡಿದು."

ಕದದ ಮೇಲಿನ ಒಂದು ಸಾಲು ಒರೆಸಿ
ರಾಕ್ಷಸಿಯನ್ನು ಒಲಿಸಿಕೊಂಡೆ.